ಬರೆಯುವ ಹೆಸರು ಒಂದು, ಓದುವ ಹೆಸರು ಇನ್ನೊಂದು

ಹೀಬ್ರೂ ಬೈಬಲಿನಲ್ಲಿ ದೇವರ ಒಂದು ಹೆಸರು 6,800ಕ್ಕೂ ಜಾಸ್ತಿ ಸಲ ಬರುತ್ತದೆ. ಇರುವುದು ನಾಲ್ಕೇ ಅಕ್ಷರ: ಯೋದ್, ಹೇ, ವಾವ್, ಹೇ. ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಓದುವವನ ಕಣ್ಣು ಆ ನಾಲ್ಕು ಅಕ್ಷರದ ಮೇಲೆ ಬೀಳುತ್ತದೆ, ಬಾಯಿ ಮಾತ್ರ 'ಅದೋನಾಯ್' ಅನ್ನುತ್ತದೆ. ಮಕ್ಕಳಿಗೂ ಹಾಗೇ ಕಲಿಸುತ್ತಾರೆ. ಈ ಪದ್ಧತಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ, ಇದರ ನಡುವೆ ಆ ನಾಲ್ಕು ಅಕ್ಷರವನ್ನು ನಿಜಕ್ಕೂ ಹೇಗೆ ಹೇಳುತ್ತಿದ್ದರು ಅನ್ನುವುದೇ ಕಳೆದುಹೋಯಿತು. 'ಯಾಹ್ವೆ' ಅಂತ ವಿದ್ವಾಂಸರು ಈಗ ಹೇಳುವುದು ಹಳೇ ಗ್ರೀಕ್ ಬರಹಗಳನ್ನೂ ವ್ಯಾಕರಣವನ್ನೂ ಇಟ್ಟುಕೊಂಡು ಮಾಡಿದ ಒಳ್ಳೆಯ ಊಹೆ, ಅಷ್ಟೇ.

ಅದೋನಾಯ್ ಅಂದರೆ 'ನನ್ನ ಒಡೆಯ'. ಅಕ್ಷರಕ್ಕೆ ಅಕ್ಷರ ನೋಡಿದರೆ 'ನನ್ನ ಒಡೆಯರು', ಬಹುವಚನ. ಇದರಲ್ಲಿ ನಮಗೆ ಆಶ್ಚರ್ಯ ಪಡುವಂಥದ್ದೇನೂ ಇಲ್ಲ, ದೊಡ್ಡವರನ್ನು ಬಹುವಚನದಲ್ಲಿ ಕರೆದು ಅಭ್ಯಾಸ ಇರುವವರು ನಾವು. ಮಜಾ ಇರುವುದು ಮುಂದೆ. ಹೇಳಬಾರದ ಹೆಸರಿನ ಜಾಗಕ್ಕೆ ಬಂದು ಬಂದು ಅದೋನಾಯ್ ಕೂಡ ಪವಿತ್ರವಾಗಿಬಿಟ್ಟಿತು. ಪ್ರಾರ್ಥನೆಯಲ್ಲಿ ಹೇಳಬಹುದು, ಸುಮ್ನೆ ಮಾತಿನ ನಡುವೆ ಹೇಳುವ ಹಾಗಿಲ್ಲ. ಹಾಗಾಗಿ ಮನೆಯಲ್ಲಿ, ಅಂಗಡಿಯಲ್ಲಿ, ಫೋನಿನಲ್ಲಿ 'ಹಶೆಮ್' ಅನ್ನುತ್ತಾರೆ. ಹಶೆಮ್ ಅಂದರೆ 'ಆ ಹೆಸರು'. ಹೆಸರಿಗೆ ಬದಲಾಗಿ ಒಂದು ಪದ, ಆ ಪದಕ್ಕೂ ಬದಲಾಗಿ ಇನ್ನೊಂದು. 'ಹೇಗಿದ್ದೀಯಾ?' ಅಂತ ಕೇಳಿದರೆ 'ಬಾರೂಖ್ ಹಶೆಮ್', ಆ ಹೆಸರಿಗೆ ಸ್ತುತಿ ಇರಲಿ, ಅಂತ ಉತ್ತರ.

ಇದೆಲ್ಲ ಅತಿಯಾಯಿತು ಅಂತ ಅನಿಸುವವರು ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳಬೇಕು. ಗಂಡನ ಹೆಸರು ಬಾಯಲ್ಲಿ ಬರುವಂತಿರಲಿಲ್ಲ. 'ನಮ್ಮ ಮನೆಯವರು', 'ಇವರು', 'ಯಜಮಾನ್ರು'. ಹೆಸರು ಹೇಳಲೇಬೇಕು ಅಂತ ನಾಲ್ಕು ಜನ ಹಟ ಹಿಡಿದರೆ ಉತ್ತರ ಕರ್ನಾಟಕದ ಕಡೆ ಒಡಪು ಕಟ್ಟಿ, ಅದರ ಕೊನೆಯಲ್ಲಿ ಹೆಸರು ಸೇರಿಸಿ, ನಾಚಿಕೊಂಡು ಹೇಳಿ ಮುಗಿಸುತ್ತಿದ್ದರು. ಹೆಸರು ಹೇಳುವುದು ಅಂದರೆ ಮೈ ಮುಟ್ಟಿದ ಹಾಗೆ. ಅಷ್ಟು ಹತ್ತಿರ ಹೋಗುವ ಸಲಿಗೆ ಎಲ್ಲರೆದುರು ತೋರಿಸಬಾರದು.

ಈ 'ಯಜಮಾನ್ರು' ಅನ್ನುವ ಪದ ಬಂದಿದ್ದಕ್ಕೆ ಹೋಶೇಯ ಪ್ರವಾದಿಯ ಎರಡನೇ ಅಧ್ಯಾಯ ನೆನಪಾಗುತ್ತದೆ. ಹೀಬ್ರೂನಲ್ಲಿ 'ಬಾಲ್' ಅಂದರೆ ಒಡೆಯ, ಗಂಡ, ಎರಡೂ. ನಮ್ಮ ಯಜಮಾನನ ಹಾಗೇ. ಅದೇ ಬಾಲ್ ಕಾನಾನ್ ನಾಡಿನ ಮಳೆದೇವರ ಹೆಸರೂ ಹೌದು. ಇಸ್ರಾಯೇಲನ್ನು ಹೆಂಡತಿಯ ಜಾಗದಲ್ಲಿಟ್ಟು ದೇವರು ಹೋಶೇಯನ ಬಾಯಲ್ಲಿ ಹೇಳಿಸುವ ಮಾತು ಇಷ್ಟು: ಮುಂದೆ ನೀನು ನನ್ನನ್ನು 'ಈಶಿ' ಅಂತ ಕರೆಯುತ್ತೀಯ, 'ಬಾಲಿ' ಅನ್ನುವುದಿಲ್ಲ. ಈಶಿ ಅಂದರೆ ನನ್ನ ಗಂಡಸು, ನನ್ನವನು. ಬಾಲಿ ಅಂದರೆ ನನ್ನ ಯಜಮಾನ. ಕ್ರಿಸ್ತಪೂರ್ವ 8ನೇ ಶತಮಾನದ ಪ್ರವಾದಿಯ ಮಾತು ಇದು. ಇವತ್ತಿಗೂ ಇಸ್ರೇಲಿನಲ್ಲಿ ಗಂಡನಿಗೆ 'ಬಾಲ್' ಅನ್ನುವುದೇ ರೂಢಿ, ಆ ಪದ ಬೇಡ ಅಂತ 'ಈಶಿ' ಅನ್ನುವ ಹೆಂಗಸರೂ ಇದ್ದಾರೆ.

ಈಗ ಹಿಂದಕ್ಕೆ ಹೋಗೋಣ, ಎಲ್ಲಕ್ಕಿಂತ ಚಿಕ್ಕ ಪದಕ್ಕೆ. 'ಏಲ್'. ದೇವರು ಅನ್ನುವುದಕ್ಕೆ ಆ ಸೀಮೆಯ ಭಾಷೆಗಳಿಗೆಲ್ಲ ಸೇರಿದ ಹಳೇ ಪದ, ಅಕ್ಕಾಡಿಯನ್‌ನಲ್ಲಿ 'ಇಲು', ಅರಬಿಯಲ್ಲಿ 'ಇಲಾಹ್'. ಸಿರಿಯಾದ ಸಮುದ್ರತೀರದ ಉಗಾರಿತ್‌ನಲ್ಲಿ 1929ರಿಂದ ಅಗೆತ ಶುರುವಾಗಿ ಮಣ್ಣಿನ ಹಲಗೆಗಳು ಸಿಕ್ಕವು. ಅದರಲ್ಲಿ ಏಲ್ ಒಬ್ಬ ಮುದುಕ ದೇವರು. ದೇವತೆಗಳಿಗೆಲ್ಲ ಅಪ್ಪ, ಗಡ್ಡ ನೆರೆತವನು, ಅವನಿಗೆ ಅಥಿರತ್ ಅಂತ ಹೆಂಡತಿ. ಬೈಬಲಿನ ಏಲ್‌ಗೂ ಈ ಮುದುಕನಿಗೂ ಏನು ನಂಟು ಅನ್ನುವುದರ ಮೇಲೆ ದೊಡ್ಡ ದೊಡ್ಡ ಪುಸ್ತಕಗಳಿವೆ. ಅಲ್ಲಿಗೆ ನಾನು ಹೋಗುವುದಿಲ್ಲ. ಜನರ ಹೆಸರಿನೊಳಗೆ ಸೇರಿಕೊಂಡು ಈ ಏಲ್ ಎಲ್ಲೆಲ್ಲಿ ತಿರುಗಾಡಿದ್ದಾನೆ ನೋಡಿ: ಡೇನಿಯಲ್ ಅಂದರೆ ಏಲ್ ನನ್ನ ನ್ಯಾಯಾಧೀಶ. ಮೈಕೆಲ್ ಅಂದರೆ ಒಂದು ಪ್ರಶ್ನೆ, 'ಏಲ್‌ನ ಹಾಗೆ ಇರುವವನು ಯಾರು?' ಮಂಗಳೂರಿನ ಚರ್ಚಿನಲ್ಲಿ ಗೇಬ್ರಿಯಲ್ ಇದ್ದಾನೆ, ಭಟ್ಕಳದ ಮಸೀದಿಯಲ್ಲಿ ಇಸ್ಮಾಯಿಲ್ ಇದ್ದಾನೆ.

ಇಸ್ಮಾಯಿಲ್ ಅಂದರೆ 'ಏಲ್ ಕೇಳಿಸಿಕೊಳ್ಳುತ್ತಾನೆ'. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 16ನೇ ಅಧ್ಯಾಯದಲ್ಲಿ ಇದರ ಕಥೆ ಇದೆ, ನನಗೆ ಇಡೀ ಪುಸ್ತಕದಲ್ಲಿ ತುಂಬ ಇಷ್ಟವಾದ ಪುಟ ಅದು. ಹಾಗರ್ ಈಜಿಪ್ಟಿನ ದಾಸಿ. ಒಡತಿ ಸಾರಳಿಗೆ ಮಕ್ಕಳಿಲ್ಲ, ಒಡತಿಯೇ ಅವಳನ್ನು ಗಂಡ ಅಬ್ರಹಾಮನ ಹಾಸಿಗೆಗೆ ಕಳಿಸುತ್ತಾಳೆ, ಇವಳು ಬಸುರಿಯಾದ ಮೇಲೆ ಸಹಿಸಲಾಗದೆ ಕಾಟ ಕೊಡುತ್ತಾಳೆ. ಹಾಗರ್ ಮರಳುಗಾಡಿಗೆ ಓಡಿಹೋಗುತ್ತಾಳೆ. ಶೂರಿನ ದಾರಿಯಲ್ಲಿ ಒಂದು ನೀರಿನ ಸೆಲೆಯ ಹತ್ತಿರ ದೇವದೂತ ಅವಳನ್ನು ಕಂಡು 'ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ?' ಅಂತ ಕೇಳುತ್ತಾನೆ. ಅದುವರೆಗೆ ಆ ಕಥೆಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಮಾತಾಡಿಸಿಲ್ಲ, ಅಬ್ರಹಾಮನೂ ಇಲ್ಲ, ಸಾರಳೂ ಇಲ್ಲ. ಇವನು 'ಹಾಗರಳೇ' ಅನ್ನುತ್ತಾನೆ. ಮಾತು ಮುಗಿದ ಮೇಲೆ ಅವಳು ದೇವರಿಗೇ ಒಂದು ಹೆಸರು ಇಡುತ್ತಾಳೆ: 'ಏಲ್ ರೊಯೀ', ನನ್ನನ್ನು ನೋಡುವ ದೇವರು. ಬೈಬಲಿನಲ್ಲಿ ದೇವರಿಗೆ ಮೊದಲು ಹೆಸರಿಟ್ಟವಳು ಇವಳು. ಕುಲಪತಿಯಲ್ಲ, ಪ್ರವಾದಿಯಲ್ಲ, ಹೊರನಾಡಿನ ಒಬ್ಬ ದಾಸಿ, ಅದೂ ಮನೆ ಬಿಟ್ಟು ಓಡಿಬಂದವಳು. ಆ ಬಾವಿಗೂ ಇದೇ ಹೆಸರು ಅಂಟಿಕೊಂಡಿತು, 'ಬೆಏರ್ ಲಹೈ ರೊಯೀ'. ನಮ್ಮ ಮುಸ್ಲಿಂ ಮನೆಗಳಲ್ಲಿ ಇವಳೇ ಹಾಜಿರಾ. ಮಗುವಿಗಾಗಿ ನೀರು ಹುಡುಕಿ ಸಫಾ ಮರ್ವಾ ಗುಡ್ಡಗಳ ನಡುವೆ ಅವಳು ಓಡಿದ ಓಟವನ್ನು ಹಜ್‌ಗೆ ಹೋದವರೆಲ್ಲ ಇವತ್ತಿಗೂ ನಡೆಯುತ್ತಾರೆ.

'ಏಲೋಹಿಮ್' ಬಗ್ಗೆ ಜಾಸ್ತಿ ಹೇಳುವ ಉತ್ಸಾಹ ನನಗಿಲ್ಲ, ಯಾಕೆಂದರೆ ಯೂಟ್ಯೂಬಿನಲ್ಲಿ ಅದರ ಬಗ್ಗೆ ಬೇಕಾದಷ್ಟು ಗಲಾಟೆ ಇದೆ. ರೂಪದಲ್ಲಿ ಅದು ಬಹುವಚನ, 'ದೇವರುಗಳು'. ಬೇರೆ ಜನಾಂಗದ ದೇವರುಗಳಿಗೂ ಅದೇ ಪದ. ಆದರೆ ಬೈಬಲಿನ ಮೊದಲ ಸಾಲಿನಲ್ಲೇ ಅದರ ಜೊತೆ ಬರುವ 'ಬಾರಾ' (ಸೃಷ್ಟಿಸಿದನು) ಏಕವಚನ. ಇದರಿಂದ ಕೆಲವರು ತ್ರಯೇಕತ್ವ (ಮೂವರಾಗಿರುವ ಒಬ್ಬ ದೇವರು) ಎಳೆದರು, ಕೆಲವರು ಅನ್ಯಗ್ರಹದ ಜನರನ್ನೇ ಇಳಿಸಿದರು. 'ದೇವರು ಕಾಪಾಡಿದ' ಅಂತ ದಿನಾ ಅನ್ನುವ ಕನ್ನಡದವರಿಗೆ ಇದರಲ್ಲಿ ಒಗಟೇನೂ ಕಾಣಲಿಕ್ಕಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಫ್ರಾನ್ಸಿನ ವೈದ್ಯ ಜಾನ್ ಆಸ್ಟ್ರುಕ್. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಬರೀ ಏಲೋಹಿಮ್, ಎರಡನೆಯದರಲ್ಲಿ ಇದ್ದಕ್ಕಿದ್ದ ಹಾಗೆ ನಾಲ್ಕಕ್ಷರದ ಹೆಸರೂ ಸೇರಿಕೊಳ್ಳುತ್ತದೆ, ಸೃಷ್ಟಿಯ ಕಥೆಯೂ ಎರಡನೇ ಸಲ ಬೇರೆ ಥರ ಬರುತ್ತದೆ. ಅವನು ಹೆಸರು ನೋಡಿಕೊಂಡು ಪಠ್ಯವನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಜೋಡಿಸಿ 1753ರಲ್ಲಿ ಹೆಸರು ಹಾಕದೆ ಪುಸ್ತಕ ಅಚ್ಚು ಹಾಕಿಸಿದ. ಆದಿಕಾಂಡ ಬರೆದವನು ಮೋಶೆ ಅನ್ನುವುದು ಹಳೇ ನಂಬಿಕೆ; ಮೋಶೆಯೇ ಹಳೇ ಬರಹಗಳನ್ನು ಸೇರಿಸಿ ಬರೆದ ಅಂತ ತೋರಿಸುವುದು ಆಸ್ಟ್ರುಕ್‌ನ ಉದ್ದೇಶ, ಅಂದರೆ ಮೋಶೆಯ ಪರವಾದ ವಾದ. ಆದರೆ ಆಮೇಲೆ ಬಂದವರು ಅದೇ ದಾರಿ ಹಿಡಿದು ಮೋಶೆಯನ್ನೇ ಹೊರಗಿಟ್ಟರು.

'ಶದ್ದಾಯ್' ಇನ್ನೊಂದು. ಇದರ ಮೂಲ ಬೆಟ್ಟ ಅನ್ನುವ ಅಕ್ಕಾಡಿಯನ್ ಪದ ಅನ್ನುವವರಿದ್ದಾರೆ, ಮೊಲೆ ಅನ್ನುವ ಹೀಬ್ರೂ ಪದ ಅನ್ನುವವರೂ ಇದ್ದಾರೆ, 'ಸಾಕು ಅಂದವನು' ಅಂತ ಹಳೇ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಬಿಡಿಸಿದರು: ಲೋಕ ಬೆಳೆಯುತ್ತಾ ಹೋಗುತ್ತಿತ್ತಂತೆ, ಸಾಕು ನಿಲ್ಲು ಅಂದನಂತೆ. ಯೋಬನ ಪುಸ್ತಕದಲ್ಲಿ ಇದೇ ಹೆಸರು ತುಂಬ. ಯೆಹೂದ್ಯರ ಮನೆಯ ಬಾಗಿಲ ಚೌಕಟ್ಟಿಗೆ ಓರೆಯಾಗಿ ಹೊಡೆದಿರುವ ಚಿಕ್ಕ ಡಬ್ಬಿ ನೋಡಿದ್ದೀರಾ? ಮೆಜೂಜಾ. ಅದರ ಮೇಲೆ ಕಾಣುವ 'ಶೀನ್' ಅಕ್ಷರ ಶದ್ದಾಯ್‌ನ ಮೊದಲಕ್ಷರ.

ಈಗ ವಿಮೋಚನಕಾಂಡ ಮೂರನೇ ಅಧ್ಯಾಯ. ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆ, ಮುಂದೆ ಚಪ್ಪಲಿ ಬಿಟ್ಟು ನಿಂತ ಮೋಶೆ. ಈಜಿಪ್ಟಿನಲ್ಲಿ ದಾಸರಾಗಿರುವ ಇಸ್ರಾಯೇಲ್ಯರನ್ನು ಬಿಡಿಸಿ ಕರೆತಾ ಅಂತ ದೇವರು ಹೇಳಿದ್ದಾನೆ. ಮೋಶೆಯ ಪ್ರಶ್ನೆ ತೀರಾ ವ್ಯಾವಹಾರಿಕ. 'ನಿಮ್ಮ ಹಿರಿಯರ ದೇವರು ಕಳಿಸಿದ್ದಾನೆ ಅಂದರೆ, ಅವನ ಹೆಸರೇನು ಅಂತ ಜನ ಕೇಳುತ್ತಾರೆ. ಏನು ಹೇಳಲಿ?' ಉತ್ತರ: 'ಎಹ್ಯೆ ಅಶೆರ್ ಎಹ್ಯೆ'. ಗ್ರೀಕಿಗೆ ತಂದವರು ಇದನ್ನು 'ಇರುವವನು ನಾನೇ' ಅಂತ ಮಾಡಿದರು, ಅಲ್ಲಿಂದ ಮುಂದೆ ತತ್ವಶಾಸ್ತ್ರದವರು ಶುದ್ಧ ಅಸ್ತಿತ್ವ ಅಂತೆಲ್ಲ ಹೊಸೆದರು. ಇಂಗ್ಲಿಷಿನಲ್ಲಿ ಈಗಿನ ಕಾಲವೋ ಮುಂದಿನ ಕಾಲವೋ ಅಂತ ಒಂದನ್ನು ಆರಿಸಲೇಬೇಕು, ಇನ್ನೊಂದನ್ನು ಅಡಿಟಿಪ್ಪಣಿಗೆ ತಳ್ಳಬೇಕು. ಕನ್ನಡಕ್ಕೆ ಆ ಕಷ್ಟವೇ ಇಲ್ಲ. 'ನಾನು ಮನೇಲೇ ಇರ್ತೀನಿ' ಅಂದರೆ ದಿನಾ ಇರುವುದೂ ಹೌದು, ನಾಳೆ ಇರುವುದೂ ಹೌದು. 'ಎಹ್ಯೆ'ಯೂ ಹಾಗೇ: ಇರುತ್ತೇನೆ. ಹೇಗಿರುತ್ತೇನೋ ಹಾಗಿರುತ್ತೇನೆ.

ಎರಡು ವಾಕ್ಯ ಹಿಂದೆ ಇದೇ ಪದ ಬಂದು ಹೋಗಿದೆ. ಈಜಿಪ್ಟಿನ ರಾಜ ಫರೋಹನ ಮುಂದೆ ಹೋಗಲು ನಾನ್ಯಾರು ಅಂತ ಮೋಶೆ ಹಿಂಜರಿದಾಗ ದೇವರು ಹೇಳಿದ್ದು: 'ನಿನ್ನ ಜೊತೆ ಎಹ್ಯೆ', ಇರುತ್ತೇನೆ. ಹಾಗಾಗಿ ಇದನ್ನು ಅಸ್ತಿತ್ವದ ಸಿದ್ಧಾಂತ ಅಂತ ಓದಲು ನನಗೆ ಮನಸ್ಸು ಬರುವುದಿಲ್ಲ. ಹೆದರಿದವನಿಗೆ ಕೊಟ್ಟ ಮಾತು ಅದು. ಯೆಹೂದ್ಯರ ಧರ್ಮಚರ್ಚೆಯ ಗ್ರಂಥವಾದ ತಾಲ್ಮುದಿನ ರಬ್ಬಿಗಳೂ ಹಾಗೇ ಓದಿದರು, ಅವರ ಓದಿನಲ್ಲಿ ಸ್ವಲ್ಪ ತಮಾಷೆಯೂ ಇದೆ. ಪದ ಯಾಕೆ ಎರಡು ಸಲ ಬಂತು? 'ಈ ದಾಸ್ಯದಲ್ಲೂ ಅವರ ಜೊತೆ ಇರುತ್ತೇನೆ, ಮುಂದೆ ಬರುವ ದಾಸ್ಯದಲ್ಲೂ ಇರುತ್ತೇನೆ' ಅಂತ ದೇವರು ಅಂದನಂತೆ. ಮೋಶೆ ತಕ್ಷಣ, 'ಸ್ವಾಮಿ, ಈಗಿನ ಕಷ್ಟವೇ ಅವರಿಗೆ ಸಾಕಾಗಿದೆ, ಮುಂದಿನದನ್ನು ಈಗಲೇ ಯಾಕೆ ಹೇಳಬೇಕು?' ಅಂದನಂತೆ. ಸರಿ ಹಾಗಾದರೆ, 'ಎಹ್ಯೆ ಕಳಿಸಿದ್ದಾನೆ' ಅಂತ ಒಂದೇ ಸಲ ಹೇಳು ಅಂದನಂತೆ ದೇವರು. ನಿಜಕ್ಕೂ ಪಠ್ಯದಲ್ಲಿ ಮುಂದಿನ ಮಾತಿನಲ್ಲಿ ಪದ ಒಂದೇ ಸಲ ಇದೆ. ನಾಲ್ಕಕ್ಷರದ ಹೆಸರನ್ನೂ ಇದೇ 'ಇರು' ಅನ್ನುವ ಕ್ರಿಯಾಪದಕ್ಕೆ ಬೈಬಲ್ ಕಟ್ಟಿಹಾಕುತ್ತದೆ.

ಆ ಹೆಸರನ್ನು ಮೊದಮೊದಲು ಜನ ಧಾರಾಳವಾಗಿಯೇ ಬಳಸುತ್ತಿದ್ದರು. ಜೋರ್ಡನ್‌ನ ದಿಬಾನ್‌ನಲ್ಲಿ 1868ರಲ್ಲಿ ಸಿಕ್ಕ ಕಪ್ಪು ಕಲ್ಲಿನ ಶಾಸನದಲ್ಲಿ ಅದು ಶತ್ರುವಿನ ಬಾಯಲ್ಲಿದೆ. ಕ್ರಿಸ್ತಪೂರ್ವ 9ನೇ ಶತಮಾನದ ಮೋವಾಬಿನ ರಾಜ ಮೇಷ, ಇಸ್ರಾಯೇಲ್ಯರ ಊರು ಗೆದ್ದು ಆ ದೇವರ ಪಾತ್ರೆಗಳನ್ನು ಎಳೆದುಕೊಂಡು ಹೋಗಿ ನಮ್ಮ ಕೆಮೋಷ್ ದೇವರ ಮುಂದೆ ಹಾಕಿದೆ ಅಂತ ಜಂಬ ಕೊಚ್ಚಿಕೊಂಡಿದ್ದಾನೆ. ಆ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಜೆರುಸಲೇಮಿನ ಕೆತೆಫ್ ಹಿನ್ನೋಮ್‌ನಲ್ಲಿ 1979ರಲ್ಲಿ ಗೇಬ್ರಿಯಲ್ ಬಾರ್ಕಾಯ್ ತಂಡಕ್ಕೆ ಒಂದು ಗೋರಿಯಲ್ಲಿ ಎರಡು ಪುಟ್ಟ ಬೆಳ್ಳಿಯ ಸುರುಳಿ ಸಿಕ್ಕವು, ಕೊರಳಿಗೆ ಕಟ್ಟಿಕೊಳ್ಳುವ ತಾಯತ. ಪುಡಿಯಾಗದ ಹಾಗೆ ಬಿಚ್ಚುವುದಕ್ಕೆ ವರ್ಷಗಳೇ ಹಿಡಿದವು. ದೊಡ್ಡದು ಬಿಚ್ಚಿದರೂ ಸುಮಾರು ಹತ್ತು ಸೆಂಟಿಮೀಟರ್ ಉದ್ದ. ಕೂದಲಿನಷ್ಟು ತೆಳ್ಳಗೆ ಗೀರಿದ ಗೆರೆಗಳಲ್ಲಿ ಅದೇ ನಾಲ್ಕು ಅಕ್ಷರ, ಜೊತೆಗೆ 'ನಿನ್ನನ್ನು ಆಶೀರ್ವದಿಸಿ ಕಾಪಾಡಲಿ' ಅನ್ನುವ ಅರಣ್ಯಕಾಂಡದ ಹರಕೆಯ ಮಾತು. ಕ್ರಿಸ್ತಪೂರ್ವ 600ರ ಆಸುಪಾಸಿನದು ಅಂತ ಲೆಕ್ಕ. ಆಗ ಯಾರೋ ಇದನ್ನು ಕೊರಳಲ್ಲಿ ಹಾಕಿಕೊಂಡು ತಿರುಗುತ್ತಿದ್ದರು ಅಂತಾಯಿತು.

ಬಾಯಿ ಕಟ್ಟಿಕೊಂಡಿದ್ದು ಆಮೇಲೆ, ನಿಧಾನವಾಗಿ. ಜೆರುಸಲೇಮಿನಲ್ಲಿ ದೇವಾಲಯ ಇದ್ದ ಕಾಲದಲ್ಲಿ, ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಂದು ಮಹಾಯಾಜಕ ಆ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದ, ಅಂಗಳದಲ್ಲಿ ನಿಂತ ಜನ ಕೇಳಿದ ಕೂಡಲೇ ನೆಲಕ್ಕೆ ಬೀಳುತ್ತಿದ್ದರು ಅಂತ ಯೆಹೂದ್ಯರ ಹಳೇ ನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿದೆ. ರಬ್ಬಿ ತರ್ಫೋನ್ ಚಿಕ್ಕವನಿದ್ದಾಗ ಕಂಡದ್ದನ್ನು ತಾಲ್ಮುದ್ ಬರೆದಿಟ್ಟಿದೆ. ಅವನು ಯಾಜಕರ ಮನೆತನದವನು. ಸೋದರಮಾವನ ಹಿಂದೆ ಜಗಲಿ ಹತ್ತಿ, ಮಹಾಯಾಜಕನ ಕಡೆ ಕಿವಿ ಕೊಟ್ಟು ನಿಂತನಂತೆ. ಕೇಳಿಸಿದ್ದೇನು? ಜೊತೆ ಯಾಜಕರ ರಾಗದ ನಡುವೆ ಹೆಸರನ್ನು ಅವನು ನುಂಗಿಬಿಟ್ಟ. ಹೇಳಿದ, ಆದರೆ ಯಾರಿಗೂ ಸರಿಯಾಗಿ ಕೇಳಿಸದ ಹಾಗೆ ಹೇಳಿದ. ಹೆಸರನ್ನು ದುರುಪಯೋಗ ಮಾಡುವವರು ಜಾಸ್ತಿಯಾದರು, ಅದಕ್ಕೇ ಹೀಗೆ ಅಂತ ಅಲ್ಲೇ ಕಾರಣ ಕೊಟ್ಟಿದ್ದಾರೆ. ಮಂತ್ರ ಮಾಟಕ್ಕೆ ಇದಕ್ಕಿಂತ ಬಲವಾದ ಪದ ಇನ್ನೆಲ್ಲಿ ಸಿಗಬೇಕು, ಅಲ್ವಾ? ಕ್ರಿಸ್ತಶಕ 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. ಆಮೇಲೆ ಗುರುಗಳು ಏಳು ವರ್ಷಕ್ಕೊಮ್ಮೆ ಶಿಷ್ಯರಿಗೆ ಹೇಳಿಕೊಡುತ್ತಿದ್ದರು ಅನ್ನುವ ಮಾತಿದೆ. ಆ ಸರಪಳಿಯೂ ಎಲ್ಲೋ ಕಡಿಯಿತು.

ಬರೆಯುವವರ ಪಾಡು ಬೇರೆ. ಮೃತಸಮುದ್ರದ ದಡದ ಗುಹೆಗಳಲ್ಲಿ ಸಿಕ್ಕ ಹಳೇ ಸುರುಳಿಗಳಲ್ಲಿ ಕೆಲವು ಕಡೆ ಈ ಹೆಸರೊಂದನ್ನು ಮಾತ್ರ ಆಗಲೇ ಹಳತಾಗಿದ್ದ ಲಿಪಿಯಲ್ಲಿ ಬರೆದಿದ್ದಾರೆ, ಕೆಲವು ಕಡೆ ಬರೀ ನಾಲ್ಕು ಚುಕ್ಕಿ ಇಟ್ಟಿದ್ದಾರೆ. ಗ್ರೀಕ್ ಪ್ರತಿಗಳ ನಡುವೆ ಹೀಬ್ರೂ ಅಕ್ಷರದಲ್ಲೇ ಇದನ್ನು ಉಳಿಸಿಕೊಂಡವರಿದ್ದರು; ಹೀಬ್ರೂ ಬಾರದ ಓದುಗರು ಆ ಆಕಾರ ಗ್ರೀಕಿನ ಥರ ಕಾಣುತ್ತದೆ ಅಂತ ಎಡದಿಂದ ಬಲಕ್ಕೆ 'ಪಿಪಿ' ಅಂತ ಓದುತ್ತಿದ್ದರು ಅಂತ ಸಂತ ಜೆರೋಮ್ ಬರೆದಿದ್ದಾನೆ. ಇದನ್ನು ಓದಿದಾಗಲೆಲ್ಲ ನನಗೆ ನಗು ತಡೆಯಲಾಗುವುದಿಲ್ಲ.

ಹೀಬ್ರೂನಲ್ಲಿ ಮೊದಲು ವ್ಯಂಜನ ಮಾತ್ರ ಬರೆಯುತ್ತಿದ್ದರು. ಸ್ವರಕ್ಕೆ ಚುಕ್ಕಿ ಗೀಟು ಸೇರಿಸಿದವರು ತಿಬೇರಿಯದ ಮಸೊರೆಟ್ ವಿದ್ವಾಂಸರು, 10ನೇ ಶತಮಾನದ ಹೊತ್ತಿಗೆ ಆ ಕೆಲಸ ಪಕ್ಕಾ ಆಯಿತು. ನಾಲ್ಕಕ್ಷರದ ಹೆಸರಿಗೆ ಬಂದಾಗ ವ್ಯಂಜನ ಮುಟ್ಟಲಿಲ್ಲ, ಸ್ವರ ಮಾತ್ರ 'ಅದೋನಾಯ್' ಪದದ್ದನ್ನು ಹಾಕಿದರು. ಇಲ್ಲಿ ಅದೋನಾಯ್ ಅಂತ ಓದು ಅನ್ನುವ ಸೂಚನೆ ಅದು. ಸೂಚನೆ ಗೊತ್ತಿಲ್ಲದವರು, ಗೊತ್ತಿದ್ದೂ ಬಿಟ್ಟವರು, ಎರಡನ್ನೂ ಕೂಡಿಸಿ ಓದಿದರು: ಯೆ-ಹೋ-ವಾ. 1530ರಲ್ಲಿ ಬೈಬಲ್ ಅನುವಾದಕ ವಿಲಿಯಂ ಟಿಂಡೇಲ್ ಅದನ್ನು ಇಂಗ್ಲಿಷಿಗೆ ತಂದ, ಮಿಷನರಿಗಳ ಜೊತೆ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 'ಯೆಹೋವನು ನನಗೆ ಕುರುಬನು' ಅಂತ ಬಾಯಿಪಾಠ ಮಾಡಿ ಬೆಳೆದವರಿಗೆ ಇದು ಹುಟ್ಟುವಾಗಲೇ ತಪ್ಪಾಗಿದ್ದ ಪದ ಅಂತ ಹೇಳಿ ಜಾಣತನ ತೋರಿಸುವುದು ನನಗೆ ಇಷ್ಟವಿಲ್ಲ. ಅಷ್ಟು ಜನ ಅಷ್ಟು ವರ್ಷ ಅಳುತ್ತಾ ಕರೆದ ಹೆಸರು ತಪ್ಪು ಹೇಗಾಗುತ್ತದೆ? ಕನ್ನಡದ ಕ್ಯಾಥೊಲಿಕರು 'ಸರ್ವೇಶ್ವರ' ಅನ್ನುತ್ತಾರೆ. ಪೂಜೆಯಲ್ಲಿ, ಹಾಡಿನಲ್ಲಿ 'ಯಾಹ್ವೆ' ಬಳಸಬೇಡಿ ಅಂತ 2008ರಲ್ಲಿ ವ್ಯಾಟಿಕನ್ನೇ ಸೂಚನೆ ಕಳಿಸಿತ್ತು. 'ಹಲ್ಲೆಲೂಯಾ' ಮಾತ್ರ ಎಲ್ಲರೂ ಕೂಗುತ್ತಾರೆ. 'ಯಾಹ್‌ನನ್ನು ಹೊಗಳಿರಿ' ಅಂತ ಅದರ ಅರ್ಥ, ಅದೇ ಹೆಸರಿನ ತುಂಡು ಅದರ ಬಾಲದಲ್ಲಿ ಕೂತಿದೆ.

ತೋರಾ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳ ಸುರುಳಿಯನ್ನು ಇವತ್ತಿಗೂ ಕೈಯಲ್ಲೇ ಬರೆಯುತ್ತಾರೆ. ಹೆಸರು ಬರೆಯುವಾಗ ರಾಜನೇ ಬಂದು ಮಾತಾಡಿಸಿದರೂ ತಿರುಗಿ ನೋಡಬಾರದು ಅನ್ನುತ್ತಾನೆ 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್. ಒಮ್ಮೆ ಬರೆದ ಮೇಲೆ ಅಳಿಸುವ ಹಾಗಿಲ್ಲ. ಸಂಖ್ಯೆಗಳನ್ನು ಅಕ್ಷರದಲ್ಲೇ ಬರೆಯುವ ಹೀಬ್ರೂನಲ್ಲಿ 15 ಅಂದರೆ 10 ಕೂಡಿಸು 5, ಯೋದ್ ಹೇ, ಅಂದರೆ ದೇವರ ಹೆಸರಿನ ಅರ್ಧ. ಹಾಗಾಗಿ 9 ಕೂಡಿಸು 6 ಅಂತ ಬರೆಯುತ್ತಾರೆ! ಕಟ್ಟುನಿಟ್ಟಿನವರು ಮಾತಿನ ನಡುವೆ ಏಲೋಹಿಮ್ ಅನ್ನದೆ 'ಏಲೋಕಿಮ್' ಅನ್ನುತ್ತಾರೆ. ಕಂಪ್ಯೂಟರ್ ಪರದೆಯ ಮೇಲಿನ ಹೆಸರನ್ನು ಡಿಲೀಟ್ ಮಾಡಬಹುದಾ ಅನ್ನುವ ಪ್ರಶ್ನೆಯೂ ಬಂದಿದೆ. ಅದು ಬರವಣಿಗೆಯೇ ಅಲ್ಲ, ಮಾಡಬಹುದು ಅಂತ ಬಹುತೇಕ ರಬ್ಬಿಗಳ ಅಭಿಪ್ರಾಯ. ಪ್ರಿಂಟ್ ತೆಗೆದರೆ ಕಥೆ ಬೇರೆ.

ಹೆಸರಿರುವ ಕಾಗದ ಹರಿದುಹೋದರೆ ಎಸೆಯುವಂತಿಲ್ಲ, ಸುಡುವಂತಿಲ್ಲ. ಒಂದು ಕಡೆ ಕೂಡಿಡಬೇಕು, ಆಮೇಲೆ ಹೂಳಬೇಕು. ಆ ಜಾಗಕ್ಕೆ ಗೆನಿಜಾ ಅನ್ನುತ್ತಾರೆ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಹೂಳುವ ಕೆಲಸ ನಡೆಯಲೇ ಇಲ್ಲ, ನೂರಾರು ವರ್ಷ ಸುಮ್ನೆ ಒಳಗೆ ಹಾಕುತ್ತಲೇ ಹೋದರು. ದೇವರ ಹೆಸರು ಇದ್ದರೂ ಇರಬಹುದು ಅಂತ ಹೀಬ್ರೂ ಲಿಪಿಯಲ್ಲಿದ್ದ ಕಾಗದವೆಲ್ಲ ಅಲ್ಲಿ ಬಿತ್ತು, ಸಾಲಪತ್ರ, ಮದುವೆಯ ಕರಾರು, ಮಕ್ಕಳು ಅಕ್ಷರ ತಿದ್ದಿದ ಹಾಳೆ. ಕೇಂಬ್ರಿಜ್‌ನ ಯೆಹೂದಿ ವಿದ್ವಾಂಸ ಸಾಲೊಮನ್ ಶೆಕ್ಟರ್ 1896ರ ಕೊನೆಯಲ್ಲಿ ಅಲ್ಲಿಗೆ ಹೋಗಿ, ಧೂಳು ಕುಡಿದು, ಸುಮಾರು 1,93,000 ತುಂಡುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಆ ರಾಶಿಯೊಳಗೆ ನಮ್ಮ ಮಂಗಳೂರು ಇದೆ. ಅಬ್ರಹಾಂ ಬೆನ್ ಯಿಜು ಟ್ಯುನೀಸಿಯ ಕಡೆಯ ಯೆಹೂದಿ ವ್ಯಾಪಾರಿ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಊರು ಬಿಟ್ಟ. ಇಲ್ಲಿ ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಆಶು ಅನ್ನುವ ಇಲ್ಲಿನ ದಾಸಿಯನ್ನು ದಾಸ್ಯದಿಂದ ಬಿಡಿಸಿ, ಅವಳ ಜೊತೆ ಸಂಸಾರ ಮಾಡಿದ. ಅವಳ ಬಿಡುಗಡೆ ಪತ್ರವೂ ಉಳಿದಿದೆ. ಯೆಮೆನ್‌ನ ಬಂದರು ಏಡನ್‌ನಿಂದ ಮದ್ಮೂನ್ ಅನ್ನುವ ದೊಡ್ಡ ವರ್ತಕ ಅವನಿಗೆ ಬರೆದ ಪತ್ರಗಳಿವೆ: ಮೆಣಸು ಎಷ್ಟಕ್ಕೆ ಹೋಯಿತು, ಅಡಕೆ ಹೇಗಿತ್ತು, ಕಬ್ಬಿಣ ಬಂತಾ, ಜೊತೆಗೆ ಬರೆಯಲು ಕಾಗದ ಕಳಿಸಿದ್ದೇನೆ. ಭಾಷೆ ಅರಬಿ, ಲಿಪಿ ಹೀಬ್ರೂ. ಲಿಪಿ ಹೀಬ್ರೂ ಆಗಿದ್ದಕ್ಕೇ ಅಡಕೆ ಲೆಕ್ಕ ಎಂಟುನೂರು ವರ್ಷ ಬದುಕಿತು.

ಬೆನ್ ಯಿಜುವಿನ ವ್ಯಾಪಾರದ ಕೆಲಸಕ್ಕೆ ಏಡನ್‌ಗೆ ಹೋಗಿಬರುತ್ತಿದ್ದ ಒಬ್ಬ ಆಳೂ ಈ ಪತ್ರಗಳಲ್ಲಿ ಬರುತ್ತಾನೆ. ಅವನ ಹೆಸರನ್ನು ವಿದ್ವಾಂಸರು 'ಬೊಮ್ಮ' ಅಂತ ಓದುತ್ತಾರೆ. ಏಡನ್‌ನ ವರ್ತಕರು ಪತ್ರದ ಕೊನೆಯಲ್ಲಿ ಅವನಿಗೂ ನಮಸ್ಕಾರ ಹೇಳಿ ಕಳಿಸಿದ್ದಾರೆ. ಬೊಮ್ಮ ಅಂದರೆ ಬ್ರಹ್ಮ ಅಂತ ಕೈರೋದ ಸಿನಗಾಗಿನವರಿಗೆ ಗೊತ್ತಿರುವ ಸಾಧ್ಯತೆ ಕಡಿಮೆ. ತಮ್ಮ ದೇವರ ಹೆಸರಿಗಾಗಿ ಕಟ್ಟಿದ ಕೋಣೆಯಲ್ಲಿ ಅವನನ್ನೂ ಜೋಪಾನ ಮಾಡಿಟ್ಟಿದ್ದರು.